ಮೂರು ಬ್ಲಾಗ್, ಒಂದೇ ಕಂಪ್ಯೂಟರ್, ಯಾವ ಸಾಫ್ಟ್‌ವೇರ್ ಹಾಕ್ಕೊಳ್ಳಲಿ?

ನಾಲೆ ಏರಿ

ಎಲ್ರಿಗೂ ನಮಸ್ಕಾರ, ನಾನು ಪಾಂಡವಪುರದ ಹತ್ರದವಳು. ನಂದು ಮೂರು ಬ್ಲಾಗ್ ಇದೆ. ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಫೋಟೋ ಎಲ್ಲ ಹಾಕೋದು ಒಂದು, ಅದು ಗೂಗಲ್‌ನ ಬ್ಲಾಗರ್‌ನಲ್ಲಿದೆ. ಬಸ್ಸಾರು ಉಪ್ಸಾರು ಅಂತ ನಮ್ ಕಡೆ ಅಡುಗೆ ಬರೆಯೋದು ಇನ್ನೊಂದು, ಅದೂ ಬ್ಲಾಗರ್ರೇ. ಮೂರನೇದು ಅಪ್ಪ ವಿ.ಸಿ. ನಾಲೆ ಕೆಳಗಿನ ಕಬ್ಬಿನ ಬೇಸಾಯದ ಬಗ್ಗೆ ಬರೆದಿಟ್ಟಿರೋ ಟಿಪ್ಪಣಿಗಳು, ಅದಕ್ಕೆ ದುಡ್ಡು ಕೊಟ್ಟು ಹೋಸ್ಟಿಂಗ್ ತಗೊಂಡು ವರ್ಡ್‌ಪ್ರೆಸ್ ಹಾಕಿದೀನಿ.

ತೊಂದರೆ ಏನಪ್ಪಾ ಅಂದ್ರೆ ಒಂದೊಂದಕ್ಕೂ ಬ್ರೌಸರ್‌ನಲ್ಲಿ ಬೇರೆ ಬೇರೆ ಲಾಗಿನ್ ಆಗಿ ಬರೀಬೇಕು, ಬರೀತಾ ಇರೋವಾಗ ಕರೆಂಟ್ ಹೋದ್ರೆ ವೈಫೈ ಹೋಗುತ್ತೆ, ಆಮೇಲೆ ಸೇವ್ ಆಯ್ತೋ ಇಲ್ವೋ ಅನ್ನೋ ಆತಂಕ ಬೇರೆ. ಲ್ಯಾಪ್‌ಟಾಪ್‌ನಲ್ಲೇ ಆರಾಮಾಗಿ ಬರೆದು, ನೆಟ್ ಬಂದಾಗ ಯಾವ ಬ್ಲಾಗ್‌ಗೆ ಬೇಕೋ ಅದಕ್ಕೆ ಕಳಿಸೋ ಥರ ಏನಾದ್ರೂ ಇದ್ಯಾ? ವಿಂಡೋಸ್ 10 ಇರೋದು. ಅಪ್ಪನ ಹಳೇ ಬರಹ ಎಲ್ಲ ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿ ಟೈಪ್ ಆಗಿರೋದು, ಪೇಸ್ಟ್ ಮಾಡಿದ್ರೆ ಇಂಗ್ಲಿಷ್ ಅಕ್ಷರಗಳ ಗಜಿಬಿಜಿ ಬರುತ್ತೆ, ಅದಕ್ಕೂ ದಾರಿ ಹೇಳಿ.

ಸರಸ್ವತಿಪುರಂ

ಮೇಡಂ, ನೀವು ಕೇಳ್ತಿರೋ ಕೆಲಸಕ್ಕೇ ಅಂತ ಇರೋದು ಓಪನ್ ಲೈವ್ ರೈಟರ್. ಮೊದಲು ಮೈಕ್ರೋಸಾಫ್ಟ್‌ನವರ ವಿಂಡೋಸ್ ಲೈವ್ ರೈಟರ್ ಅಂತ ಇತ್ತು, ಅದರ ಸೋರ್ಸ್ ಕೋಡ್ 2015ರ ಡಿಸೆಂಬರ್‌ನಲ್ಲಿ ಬಿಡುಗಡೆ ಆಯ್ತು, ಆವಾಗಿಂದ ಈ ಹೆಸರು, ಪುಕ್ಕಟೆ ಸಿಗುತ್ತೆ. ಎಷ್ಟು ಬ್ಲಾಗ್ ಬೇಕಾದ್ರೂ ಸೇರಿಸ್ಕೊಂಡು, ಬರೆದಾದ ಮೇಲೆ ಮೇಲ್ಗಡೆ ಯಾವ ಬ್ಲಾಗ್ ಅಂತ ಆರಿಸಿ ಪಬ್ಲಿಷ್ ಒತ್ತೋದು ಅಷ್ಟೇ. ಡ್ರಾಫ್ಟ್ ನಿಮ್ ಕಂಪ್ಯೂಟರ್‌ನಲ್ಲೇ ಇರುತ್ತೆ.

ಆದ್ರೆ ಹಕ್ಕಿ ಫೋಟೋ ಅಂದ್ರಲ್ಲ, ಅಲ್ಲೇ ಎಡವೋದು. ಬ್ಲಾಗರ್‌ಗೆ ಫೋಟೋ ಕಳಿಸೋಕೆ ಇದು ಗೂಗಲ್‌ನ ಹಳೇ ಫೋಟೋ ಸೇವೆ ಪಿಕಾಸಾದ ದಾರಿ ಬಳಸ್ತಿತ್ತು, ಗೂಗಲ್ 2019ರಲ್ಲಿ ಆ ದಾರಿ ಮುಚ್ಚಿಬಿಡ್ತು, ಬ್ಲಾಗರ್‌ನ ಈಗಿನ ಎಪಿಐನಲ್ಲಿ, ಅಂದ್ರೆ ಹೊರಗಿನ ಸಾಫ್ಟ್‌ವೇರ್ ಬ್ಲಾಗರ್ ಜೊತೆ ಮಾತಾಡೋ ದಾರಿಯಲ್ಲಿ, ಫೋಟೋ ಅಪ್‌ಲೋಡಿಗೆ ಜಾಗಾನೇ ಇಲ್ಲ. ಹಂಗಾಗಿ ಹಕ್ಕಿ ಬ್ಲಾಗಿಗೆ ಇದನ್ನ ನಂಬ್ಕೋಬೇಡಿ. ವರ್ಡ್‌ಪ್ರೆಸ್‌ಗೆ ಚೆನ್ನಾಗಿದೆ, ಅದು ಎಕ್ಸ್‌ಎಂಎಲ್-ಆರ್‌ಪಿಸಿ ಅಂತ ವರ್ಡ್‌ಪ್ರೆಸ್‌ನಲ್ಲಿ ಹೊರಗಿನ ಸಾಫ್ಟ್‌ವೇರ್‌ಗೆ ಇರೋ ದಾರಿ ಮೂಲಕ ಹೋಗೋದು, ಫೋಟೋನೂ ಹೋಗುತ್ತೆ.

ಕಾವೇರಿ ತೀರ

ಮ್ಯಾಕ್ ಇದ್ದಿದ್ರೆ ಕಣ್ಣು ಮುಚ್ಕೊಂಡು ಮಾರ್ಸ್‌ಎಡಿಟ್ ಅಂತಿದ್ದೆ, ದುಡ್ಡಿಂದು ಹೌದು ಆದ್ರೆ ಹಲವು ಬ್ಲಾಗ್ ಇರೋವ್ರಿಗೆ ಅದಕ್ಕಿಂತ ಅಚ್ಚುಕಟ್ಟಾದ್ದು ನಾನು ಬಳಸಿಲ್ಲ. ವಿಂಡೋಸ್‌ಗೆ ಬರಲ್ಲ ಅದು.

ನಾಲೆ ಏರಿ

ಸರಸ್ವತಿಪುರಂ ಸರ್, ಹಾಕ್ಕೊಂಡು ನೋಡ್ದೆ, ವರ್ಡ್‌ಪ್ರೆಸ್ ಸೈಟಿಗೆ ಕನೆಕ್ಟ್ ಆಗ್ತಾನೇ ಇಲ್ಲ. ಪಾಸ್‌ವರ್ಡ್ ಸರಿಯಾಗೇ ಇದೆ, ಬ್ರೌಸರ್‌ನಲ್ಲಿ ಅದೇ ಪಾಸ್‌ವರ್ಡ್‌ಗೆ ಒಳಗೆ ಹೋಗ್ತೀನಿ.

ಸರಸ್ವತಿಪುರಂ

ಹೋಸ್ಟಿಂಗ್‌ನವರು ಎಕ್ಸ್‌ಎಂಎಲ್-ಆರ್‌ಪಿಸಿ ಬಂದ್ ಮಾಡಿರ್ತಾರೆ ನೋಡಿ. ಆ ದಾರಿ ಮೂಲಕ ಪಾಸ್‌ವರ್ಡ್ ಊಹೆ ಮಾಡಿ ಮಾಡಿ ಒಳಗೆ ನುಗ್ಗೋಕೆ ನೋಡೋರು ಜಾಸ್ತಿ, ಅದಕ್ಕೇ ಎಷ್ಟೋ ಹೋಸ್ಟ್‌ಗಳು, ಸೆಕ್ಯೂರಿಟಿ ಪ್ಲಗಿನ್‌ಗಳು ತಾವೇ ತಡೆದುಬಿಡ್ತವೆ. ಮೊದಲು ಪ್ಲಗಿನ್ ಸೆಟ್ಟಿಂಗ್ ನೋಡಿ, ಆಮೇಲೆ ಹೋಸ್ಟಿಂಗ್‌ನವರಿಗೆ ಕೇಳಿ. ಆ ತಡೆ ತೆಗೆಸಿದ್ರೂ ನಿಮ್ಮ ಅಸಲಿ ಪಾಸ್‌ವರ್ಡ್ ಕೊಡ್ಬೇಡಿ, ವರ್ಡ್‌ಪ್ರೆಸ್ 5.6ರಿಂದ ಅಪ್ಲಿಕೇಶನ್ ಪಾಸ್‌ವರ್ಡ್ ಅಂತ ಬಂದಿದೆ, ಪ್ರೊಫೈಲ್ ಪುಟದಲ್ಲಿ ಒಂದು ಮಾಡ್ಕೊಂಡು ಅದನ್ನೇ ಹಾಕಿ, ಬೇಡ ಅಂದಾಗ ಅದೊಂದನ್ನ ಮಾತ್ರ ರದ್ದು ಮಾಡ್ಬಹುದು.

ಹಳೇ ಟೈಪಿಸ್ಟ್

ಅಕ್ಕ, ಇವರು ಹೇಳಿದ್ದೆಲ್ಲ ಸರಿನೇ, ಆದ್ರೆ ಸಾಫ್ಟ್‌ವೇರ್ ಆರಿಸೋಕೆ ಮುಂಚೆ ಮೂಲ ಬರಹ ಎಲ್ಲಿರುತ್ತೆ ಅನ್ನೋದನ್ನ ತೀರ್ಮಾನ ಮಾಡಿ ಅಂತ ಕೈ ಮುಗಿದು ಕೇಳ್ಕೋತೀನಿ. ಲೈವ್ ರೈಟರ್ ಡ್ರಾಫ್ಟ್ ನಿಮ್ ಹತ್ರಾನೇ ಇರುತ್ತೆ ನಿಜ, ಆದ್ರೆ ಅದು ಡಬ್ಲ್ಯೂಪೋಸ್ಟ್ ಅನ್ನೋ ಅದರದ್ದೇ ಫೈಲು, ನೋಟ್‌ಪ್ಯಾಡ್‌ನಲ್ಲಿ ತೆಗೆದು ಓದೋಕಾಗಲ್ಲ. ನುಡಿ ಕತೆನೂ ಅದೇ ತಾನೆ? ನಿಮ್ ಅಪ್ಪ ಅಷ್ಟು ಶ್ರದ್ಧೆಯಿಂದ ಟೈಪ್ ಮಾಡಿದ್ದು ಆ ಫಾಂಟ್ ಇಲ್ದೆ ಇವತ್ತು ಯಾರ ಕಣ್ಣಿಗೂ ಕನ್ನಡ ಅಲ್ಲ, ಯಾಕಂದ್ರೆ ಫೈಲಿನೊಳಗೆ ಇರೋದು ಇಂಗ್ಲಿಷ್ ಸಂಕೇತಗಳೇ, ಫಾಂಟು ಮಾತ್ರ ಅದಕ್ಕೆ ಕನ್ನಡದ ರೂಪ ಕೊಡ್ತಿತ್ತು. ಅದು ಇನ್ನೊಂದ್ಸಲ ಆಗ್ಬಾರ್ದು.

ಅದಕ್ಕೆ ಡಾಕ್ಯುಮೆಂಟ್ಸ್‌ನಲ್ಲಿ ಮೂರು ಫೋಲ್ಡರ್ ಮಾಡಿ, ಹಕ್ಕಿ, ಅಡುಗೆ, ಕಬ್ಬು. ಎಲ್ಲ ಬರಹನೂ ಮೊದಲು ನೋಟ್‌ಪ್ಯಾಡ್‌ನಲ್ಲಿ ಯೂನಿಕೋಡ್ (ಕನ್ನಡ ಅಕ್ಷರಕ್ಕೇ ಅಂತ ಸಂಕೇತ ಇರೋದು) ಟೆಕ್ಸ್ಟ್ ಆಗಿ ಅಲ್ಲಿರ್ಲಿ, ಸೇವ್ ಮಾಡುವಾಗ ಯುಟಿಎಫ್-8 ಅಂತ ಇದ್ಯಾ ನೋಡ್ಕೊಳ್ಳಿ. ಫೈಲಿನ ಹೆಸರು ವರ್ಷ, ತಿಂಗಳು, ದಿನದಿಂದ ಶುರುವಾದ್ರೆ ತಾನಾಗೇ ಸಾಲಾಗಿ ನಿಲ್ಲುತ್ತೆ. ಫೋಟೋದ ಮೂಲ ಪ್ರತಿನೂ ಅಲ್ಲೇ. ಆಮೇಲೆ ಲೈವ್ ರೈಟರ್ ಆಗ್ಲಿ ಬ್ರೌಸರ್ ಆಗ್ಲಿ, ಅದು ಬರೀ ಟಪಾಲು ಹಾಕೋ ಕೆಲಸ. ನಾಳೆ ಯಾವ್ದು ನಿಂತುಹೋದ್ರೂ ನಿಮ್ ಬರಹಕ್ಕೆ ಏನೂ ಆಗಲ್ಲ.

ನುಡಿ ಬರಹಕ್ಕೆ ಆಸ್ಕಿಯಿಂದ, ಅಂದ್ರೆ ಆ ಇಂಗ್ಲಿಷ್ ಸಂಕೇತಗಳಿಂದ, ಯೂನಿಕೋಡ್‌ಗೆ ಬದಲಾಯಿಸೋ ಕನ್ವರ್ಟರ್‌ಗಳಿವೆ, ಹುಡುಕಿದ್ರೆ ಸಿಗುತ್ತೆ. ಬದಲಾಯಿಸಿದ ಮೇಲೆ ಅರ್ಕಾವತ್ತು ಇರೋ ಪದಗಳನ್ನ ಒಂದೊಂದಾಗಿ ಓದಿ, ಅದನ್ನ ಹಳೇ ಫಾಂಟ್‌ನಲ್ಲಿ ಅಕ್ಷರ ಆದ್ಮೇಲೆ ಟೈಪ್ ಮಾಡೋದು, ಯೂನಿಕೋಡ್‌ನಲ್ಲಿ ರಕಾರ ಮುಂಚೆ ಬರುತ್ತೆ, ತಪ್ಪಾಗೋದು ಅಲ್ಲೇ ಹೆಚ್ಚು.

ಇನ್ನೊಂದು, ಕನ್ನಡ ಶೀರ್ಷಿಕೆ ಕೊಟ್ಟಾಗ ಲಿಂಕ್ ನೋಡಿದೀರಾ? ಬ್ಲಾಗರ್ ಕನ್ನಡ ಅಕ್ಷರ ಬಿಟ್ಟು ಬರೀ ಬ್ಲಾಗ್-ಪೋಸ್ಟ್ ಅಂತ ಇಟ್ಬಿಡುತ್ತೆ. ವರ್ಡ್‌ಪ್ರೆಸ್ ಇಟ್ಕೊಳ್ಳುತ್ತೆ, ಆದ್ರೆ ಅದರ ಮಿತಿ 200 ಕ್ಯಾರೆಕ್ಟರ್, ಕನ್ನಡದ ಒಂದೊಂದು ಚಿಹ್ನೆನೂ ಲಿಂಕಲ್ಲಿ 9 ಕ್ಯಾರೆಕ್ಟರ್ ತಿನ್ನುತ್ತೆ, ಗುಣಿತ, ಒತ್ತು ಎಲ್ಲ ಬೇರೆ ಲೆಕ್ಕ, ಹಂಗಾಗಿ 22 ಚಿಹ್ನೆಗೆಲ್ಲ ತುಂಡಾಗುತ್ತೆ. ಪಬ್ಲಿಷ್‌ಗೆ ಮುಂಚೆ ಸಣ್ಣದಾಗಿ ಇಂಗ್ಲಿಷ್ ಅಕ್ಷರದಲ್ಲಿ ಲಿಂಕ್ ಕೊಡೋದು ಒಳ್ಳೇದು.

ನಾಲೆ ಏರಿ

ಅಣ್ಣ, ತುಂಬಾ ಥ್ಯಾಂಕ್ಸ್, ಫೋಲ್ಡರ್ ಇವತ್ತೇ ಮಾಡ್ತೀನಿ. ಪಬ್ಲಿ ಅಂತ ಒಂದು ಸಾಫ್ಟ್‌ವೇರ್ ಹೆಸರು ಕೇಳಿದ್ದೆ, ಅಡುಗೆ ಬ್ಲಾಗಿಗೆ ಆಗುತ್ತಾ?

ಹಳೇ ಟೈಪಿಸ್ಟ್

ಪಬ್ಲಿ ಒಳ್ಳೇದೇ, ವಿಂಡೋಸ್‌ನಲ್ಲಿ ನಡೆಯುತ್ತೆ, ಪುಕ್ಕಟೆ, ಒಂದರಲ್ಲೇ ಹಲವು ಸೈಟ್ ಇಟ್ಕೋಬಹುದು. ಆದ್ರೆ ಅದು ಬ್ಲಾಗರ್‌ಗೆ ಕಳಿಸಲ್ಲ, ತಾನೇ ಇಡೀ ಸೈಟ್ ಕಟ್ಟಿ ಗಿಟ್‌ಹಬ್ ಪೇಜಸ್ ಥರದ ಹೋಸ್ಟಿಂಗ್ ಜಾಗಕ್ಕೆ ಹಾಕುತ್ತೆ. ಕಾಮೆಂಟ್‌ಗೆ ಬೇರೆ ಸೇವೆ ಜೋಡಿಸ್ಬೇಕು. ಉಪ್ಸಾರು ಖಾರಕ್ಕೆ ಬೆಳ್ಳುಳ್ಳಿ ಎಷ್ಟು ಹಾಕ್ಬೇಕು ಅಂತ ಕೇಳೋರು ನಿಮ್ ಬ್ಲಾಗಿಗೆ ಬರ್ತಾರೆ ಅಂದ್ರೆ ಅಡುಗೆದು ಬ್ಲಾಗರ್‌ನಲ್ಲೇ ಇರ್ಲಿ. ಹಕ್ಕಿದು ಬೇಕಾದ್ರೆ ಪಬ್ಲಿಗೆ ತಗೊಂಡೋಗಿ, ಅದ್ರಲ್ಲಿ ಫೋಟೋ ಗ್ಯಾಲರಿ ಚೆನ್ನಾಗಿ ಬರುತ್ತೆ. ಹೋಗೋ ಮುಂಚೆ ಎರಡು ಬ್ಲಾಗರ್ ಬ್ಲಾಗ್‌ಗಳ ಬ್ಯಾಕಪ್ಪನ್ನೂ ಇಳಿಸಿ ಅದೇ ಫೋಲ್ಡರ್‌ಗೆ ಹಾಕಿಡಿ, ಒಂದು ಪ್ರತಿ ಪೆನ್‌ಡ್ರೈವ್‌ಗೂ.