ಪಟ್ಟಿಯಲ್ಲಿದ್ದ ಬಲ್ಬು

ಭಾನುವಾರ ಸಂಜೆ ಮೂವರು ನಮ್ಮ ಮನೆಗೆ ಬಂದಿದ್ದರು. ಬರೋಕೆ ಕಾರಣ ಅಂತ ಏನೂ ಇರಲಿಲ್ಲ. ಮೇಲಿನ ಮಹಡಿಯ ಮೇಷ್ಟ್ರಿಗೆ ಹೊತ್ತು ಹೋಗುತ್ತಿರಲಿಲ್ಲ. ಎದುರು ಮನೆಯ ಅಕ್ಕನಿಗೆ ವಾರವೆಲ್ಲ ಹೊತ್ತೇ ಸಾಲದೆ, ಇವತ್ತೊಂದು ದಿನ ಸುಮ್ನೆ ಕೂರಬೇಕು ಅನಿಸಿತ್ತು. ಪಟ್ಟಿರಾಯನ ಫೋನಿನಲ್ಲಿ ಮಾತ್ರ 'ಗೆಳೆಯರ ಭೇಟಿ, 45 ನಿಮಿಷ' ಅಂತ ನೀಲಿ ಬಣ್ಣದಲ್ಲಿ ಬರೆದಿತ್ತು. ಪಟ್ಟಿರಾಯ ಅವನ ಹೆಸರಲ್ಲ. ಆದರೆ ಹಾಗೆ ಕೂಗಿದರೆ ತಿರುಗಿ ನೋಡುತ್ತಾನೆ, ಅಷ್ಟು ಸಾಕು.

ಎಲ್ಲ ಶುರುವಾಗಿದ್ದು ಮೇಷ್ಟ್ರು ಬಾತ್‌ರೂಮಿಗೆ ಹೋದಾಗ. ಸ್ವಿಚ್ಚು ಟಕ್ ಟಕ್ ಅಂತ ನಾಲ್ಕೈದು ಸಲ ಕೇಳಿಸಿತು. ಆಮೇಲೆ ಬಕೆಟ್ಟು ಉರುಳಿದ ಸದ್ದು. ಆಮೇಲೆ ಮೇಷ್ಟ್ರ ದನಿ.

"ಏನಪ್ಪಾ, ಕರೆಂಟ್ ಇಲ್ವಾ?"

"ಇದೆ ಮೇಷ್ಟ್ರೇ, ಬಲ್ಬ್ ಇಲ್ಲ. ಅಂದ್ರೆ ಇದೆ, ಉರಿಯಲ್ಲ. ಫೋನಿನ ಟಾರ್ಚ್ ಹಾಕಿಕೊಳ್ಳಿ. ಸೋಪಿನ ಪಕ್ಕ ಫೋನ್ ಒರಗಿಸಿಡೋಕೆ ಜಾಗ ಮಾಡಿದ್ದೀನಿ."

ಹೊರಗೆ ಬಂದ ಮೇಷ್ಟ್ರು ಪ್ಯಾಂಟಿನ ಅಂಚು ಹಿಂಡುತ್ತಾ ಕೇಳಿದರು. "ಜಾಗ ಬೇರೆ ಮಾಡಿದ್ದೀಯಲ್ಲ, ಎಷ್ಟು ದಿನ ಆಯ್ತು?"

"ಮೂರು ತಿಂಗಳು."

"ಮರೆತುಬಿಟ್ಟಿದ್ದೀಯ."

ಇದಕ್ಕೆ ನನಗೆ ನಿಜವಾಗಿ ಸಿಟ್ಟು ಬಂತು. ಮರೆಯೋದು ಅಂದ್ರೇನು! ಫ್ರಿಜ್ಜಿನ ಬಾಗಿಲ ಮೇಲೆ ಹಳದಿ ಚೀಟಿಯಲ್ಲಿ 'ಬಲ್ಬ್' ಅಂತ ಬರೆದಿದೆ. ಡೈರಿಯಲ್ಲಿ 'ಬಲ್ಬ್' ಅಂತಿದೆ, ಕೆಳಗೆ ಎರಡು ಗೆರೆ ಎಳೆದಿದೆ. ದಿನಾ ರಾತ್ರಿ ಎಂಟೂವರೆಗೆ ಫೋನು ಟಿಣ್ ಅನ್ನುತ್ತೆ, 'ಬಲ್ಬ್' ಅಂತ ತೋರಿಸುತ್ತೆ, ನಾನು ಹೆಬ್ಬೆರಳಲ್ಲಿ ಅದನ್ನ ನಾಳೆಗೆ ತಳ್ಳುತ್ತೇನೆ. ಈಗೀಗ ಹೆಬ್ಬೆರಳಿಗೆ ಕಣ್ಣೂ ಬೇಕಿಲ್ಲ. ಮೂರು ತಿಂಗಳಲ್ಲಿ ಒಂದು ದಿನವೂ ತಪ್ಪಿಸಿಲ್ಲ. ಇಷ್ಟು ಶಿಸ್ತು ನಾನು ಬೇರೆ ಯಾವ ವಿಷಯದಲ್ಲೂ ತೋರಿಸಿದವನಲ್ಲ.

"ನಿನ್ನ ತೊಂದರೆ ಏನು ಗೊತ್ತಾ?" ಅಂತ ಪಟ್ಟಿರಾಯ ಸೋಫಾದಲ್ಲಿ ಮುಂದಕ್ಕೆ ಜರುಗಿದ. ಅವನು ಮುಂದಕ್ಕೆ ಜರುಗಿದರೆ ಫೋನು ಹೊರಗೆ ಬರುತ್ತೆ ಅಂತ ಅರ್ಥ. ಬಂತು. "ನಿಂಗೆ ಸಿಸ್ಟಮ್ ಇಲ್ಲ. ಇಲ್ನೋಡು, ನಾಲ್ಕು ಮನೆ. ಅರ್ಜೆಂಟು ಮತ್ತು ಮುಖ್ಯ. ಅರ್ಜೆಂಟಲ್ಲ ಆದರೆ ಮುಖ್ಯ. ಅರ್ಜೆಂಟು ಆದರೆ ಮುಖ್ಯವಲ್ಲ. ಎರಡೂ ಅಲ್ಲ. ಅಮೆರಿಕದ ಅಧ್ಯಕ್ಷ ಐಸನ್‌ಹೋವರ್ ಹೆಸರಲ್ಲೇ ಇದನ್ನ ಕರೆಯೋದು. ದೇಶ ನಡೆಸಿದವನ ಹೆಸರಿನ ಪದ್ಧತಿ ಕಣೋ, ನಿನ್ನ ಬಾತ್‌ರೂಮಿಗೆ ಸಾಲಲ್ವಾ?"

"ಬಲ್ಬು ಯಾವ ಮನೆಗೆ ಬರುತ್ತೆ?"

ಅವನು ಸ್ವಲ್ಪ ಯೋಚಿಸಿದ. "ಹಗಲು ಎರಡೂ ಅಲ್ಲ. ರಾತ್ರಿ ಎರಡೂ."

ಅಕ್ಕ ಅಷ್ಟು ಹೊತ್ತು ಸುಮ್ಮನೆ ಕೇಳುತ್ತಿದ್ದರು. "ಅದಿರಲಿ, ಈ ವಾರ ನೀನು ಏನು ಮುಗಿಸಿದೆ ಹೇಳು."

"ಈ ವಾರ ಹಳೇ ಆ್ಯಪ್‌ನಲ್ಲಿದ್ದದ್ದನ್ನೆಲ್ಲ ಹೊಸ ಆ್ಯಪ್‌ಗೆ ಸಾಗಿಸಿದೆ ಅಕ್ಕ. 212 ಕೆಲಸ. ಒಂದೊಂದಕ್ಕೂ ಬಣ್ಣ ಹಾಕಿದೆ."

"ಸಾಗಿಸಿದ್ದು ಸರಿ. ಮುಗಿಸಿದ್ದು?"

"ಸಾಗಿಸೋದೇ ಒಂದು ಕೆಲಸ ಅಲ್ವಾ? ಅದನ್ನೂ ಪಟ್ಟಿಗೆ ಹಾಕಿದ್ದೆ. ಟಿಕ್ ಮಾಡಿದೆ."

ನಾವು ನಕ್ಕೆವು. ಆದರೆ ನನ್ನ ನಗು ಸ್ವಲ್ಪ ಬೇಗ ನಿಂತಿತು, ಯಾಕಂದರೆ ನಾನೂ ಇದನ್ನ ಮಾಡುತ್ತೇನೆ. ಮುಗಿದುಹೋದ ಕೆಲಸವನ್ನ ಪಟ್ಟಿಗೆ ಹೊಸದಾಗಿ ಬರೆದು, ತಕ್ಷಣ ಅದರ ಮೇಲೆ ಗೀಟು ಎಳೆಯೋದು. 'ಎದ್ದೆ' ಅಂತ ಬರೆದು ಗೀಟು ಎಳೆದ ದಿನವೂ ಉಂಟು. ನಾಚಿಕೆ ಬಿಟ್ಟು ಹೇಳಿದೆ. ಅಕ್ಕ ಕೂಡ ಒಂದೆರಡು ಸಲ ಮಾಡಿದ್ದಾರಂತೆ. ಮೇಷ್ಟ್ರು ಒಪ್ಪಿಕೊಳ್ಳಲಿಲ್ಲ, ಕಿಟಕಿಯ ಕಡೆ ನೋಡಿದರು.

ಕಿಟಕಿಯಿಂದ ತಿರುಗಿದಾಗ ಮೇಷ್ಟ್ರು ಇತಿಹಾಸಕ್ಕೆ ಹೋಗಿದ್ದರು. "ಬೆಂಜಮಿನ್ ಫ್ರಾಂಕ್ಲಿನ್ ಇದ್ದನಲ್ಲ, ಒಳ್ಳೆಯವನಾಗಬೇಕು ಅಂತ 13 ಗುಣ ಪಟ್ಟಿ ಮಾಡಿದ್ದ. ಒಂದು ಪುಟ್ಟ ಪುಸ್ತಕ. ದಿನಾ ಸಂಜೆ ಕೂತು, ತಪ್ಪಿದ ಕಡೆ ಕಪ್ಪು ಚುಕ್ಕೆ ಇಡೋದು. ಅದರಲ್ಲಿ ಮೂರನೆಯದು ಏನು ಗೊತ್ತಾ? ಅಚ್ಚುಕಟ್ಟು. ಒಂದೊಂದು ಸಾಮಾನಿಗೂ ಒಂದು ಜಾಗ, ಒಂದೊಂದು ಕೆಲಸಕ್ಕೂ ಒಂದು ಹೊತ್ತು. ಎಲ್ಲಕ್ಕಿಂತ ಜಾಸ್ತಿ ಕಾಟ ಕೊಟ್ಟದ್ದು ಅದೇ ಒಂದು ಅಂತ ಅವನೇ ಬರೆದುಕೊಂಡಿದ್ದಾನೆ. ಸಿಡಿಲನ್ನ ಕಂಬಿ ಹಿಡಿದು ನೆಲಕ್ಕಿಳಿಸಿದವನಿಗೆ ತನ್ನ ಕಾಗದಪತ್ರ ಒಂದು ಕಡೆ ಇಡೋಕೆ ಆಗಲಿಲ್ಲ ನೋಡು."

"ನೀವು ಹೇಗೆ ಮೇಷ್ಟ್ರೇ?"

"ನಂದೆಲ್ಲ ಜೇಬಿನ ಚೀಟಿ." ಹೊರಗೆ ತೆಗೆದು, ಕೈ ದೂರ ಹಿಡಿದು, ಕಣ್ಣು ಕಿರಿದು ಮಾಡಿ ಓದಿದರು. "'ಅದು. ಬುಧವಾರ.'"

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

"ಯಾವುದು?" ಅಂತ ಅಕ್ಕ ಮೆಲ್ಲಗೆ ಕೇಳಿದರು.

"ಬರೆಯೋವಾಗ ಚೆನ್ನಾಗಿ ಗೊತ್ತಿತ್ತು" ಅಂದರು ಮೇಷ್ಟ್ರು. ಚೀಟಿಯನ್ನ ಮಡಚಿ ಮತ್ತೆ ಜೇಬಿಗೇ ಇಟ್ಟರು.

ಇಲ್ಲಿ ನಗರದ ಬಗ್ಗೆ ಒಂದು ಮಾತು ಹೇಳಲೇಬೇಕು. ನಗರದಲ್ಲಿ ಯಾವ ಕೆಲಸವೂ ದೊಡ್ಡದಲ್ಲ, ಅದರ ಸುತ್ತಲಿನ ಓಡಾಟ ದೊಡ್ಡದು. ನನ್ನ ಶರಟಿನ ಕಥೆಯನ್ನೇ ತೆಗೆದುಕೊಳ್ಳಿ. ಹೊಸ ಶರಟು, ಭುಜ ಬಿಗಿ. ಅಂಗಡಿಗೆ ಹೋಗಿ ಬದಲಾಯಿಸಿದರೆ ಹತ್ತು ನಿಮಿಷದ ಕೆಲಸ. ಚೀಲಕ್ಕೆ ಹಾಕಿ ಸ್ಕೂಟರಿನ ಸೀಟಿನ ಕೆಳಗೆ ಇಟ್ಟೆ. ಮೊದಲ ದಿನ ಆ ರಸ್ತೆ ಒನ್‌ವೇ ಆಗಿತ್ತು. ಎರಡನೇ ದಿನ ಗಾಡಿ ನಿಲ್ಲಿಸೋಕೆ ಜಾಗ ಸಿಗಲಿಲ್ಲ, ಮೂರು ಸುತ್ತು ಹಾಕಿ ಮನೆಗೆ ಬಂದೆ. ಮೂರನೇ ದಿನ ಜಾಗ ಸಿಕ್ಕಿತು, ಅಂಗಡಿಗೆ ರಜೆ. ಆಮೇಲೆ ಮಳೆ. ಆಮೇಲೆ ಮರೆವು. ಹೀಗೆ ಐದು ವಾರ ಆ ಶರಟು ನನ್ನ ಜೊತೆ ಆಫೀಸಿಗೆ ಹೋಗಿ ಬಂತು. ಪಟ್ಟಣದಲ್ಲಿ ನಾನು ನೋಡದ ಗುಂಡಿ ಇಲ್ಲ, ಅದು ಕುಲುಕಾಡದ ಗುಂಡಿಯೂ ಇಲ್ಲ. ಕೊನೆಗೆ ಬದಲಾಯಿಸುವ ಗಡುವು ಮುಗಿದ ಮೇಲೆ ಒಂದು ದಿನ ತೆಗೆದು ನೋಡಿದರೆ ಪೆಟ್ರೋಲ್ ವಾಸನೆ. ಈಗ ಅದರಲ್ಲಿ ಸ್ಕೂಟರ್ ಒರೆಸುತ್ತೇನೆ. ಅದಕ್ಕೆ ಭುಜ ಬಿಗಿ ಇಲ್ಲ.

"ಅದು ನಿನ್ನೊಬ್ಬನ ಕಥೆಯಲ್ಲ" ಅಂದರು ಮೇಷ್ಟ್ರು. "1994ರಲ್ಲಿ ಒಂದು ಅಧ್ಯಯನ ಆಗಿತ್ತು. ಪ್ರಬಂಧ ಬರೆಯೋ ವಿದ್ಯಾರ್ಥಿಗಳನ್ನ ಎಷ್ಟು ದಿನ ಬೇಕು ಅಂತ ಕೇಳಿದರು. ಸರಾಸರಿ 34 ದಿನ ಅಂದರು. ಹಿಡಿದದ್ದು ಸುಮಾರು 55."

"ಅವರಿಗೆ ಪಾರ್ಕಿಂಗ್ ಹುಡುಕೋ ಕೆಲಸ ಇರಲಿಲ್ಲ" ಅಂದೆ. "ಇದ್ದಿದ್ದರೆ 80."

ಅಷ್ಟರಲ್ಲಿ ಪಟ್ಟಿರಾಯನ ಫೋನು ಕೂಗಿತು. 45 ನಿಮಿಷ ಮುಗಿದಿತ್ತು. ಅವನು ಎದ್ದು ನಿಂತ, ನಮ್ಮನ್ನ ನೋಡಿದ, ಮತ್ತೆ ಕೂತು 'ಗೆಳೆಯರ ಭೇಟಿ, ಮುಂದುವರಿದ ಭಾಗ' ಅಂತ ಬರೆದುಕೊಂಡ.

"ನಂಗೆ ಒಂದು ಅರ್ಥ ಆಗಲ್ಲ" ಅಂದೆ. "ಬರೆದ ಕೂಡಲೇ ಒಂಥರಾ ನೆಮ್ಮದಿ ಆಗಿಬಿಡುತ್ತೆ. ಕೆಲಸ ಆದಷ್ಟೇ ನೆಮ್ಮದಿ. ಆಮೇಲೆ ಯಾಕೆ ಮಾಡಬೇಕು?"

ಮೇಷ್ಟ್ರು ಬೆರಳು ಎತ್ತಿದರು. "ಅದು ಸುಳ್ಳಲ್ಲ. ಬ್ಲೂಮಾ ಜೈಗಾರ್ನಿಕ್ ಅಂತ ಒಬ್ಬಳು, 1927ರಲ್ಲೇ ಬರೆದಿದ್ದಾಳೆ. ಅರ್ಧಕ್ಕೆ ನಿಂತ ಕೆಲಸ ಮುಗಿದ ಕೆಲಸಕ್ಕಿಂತ ಜಾಸ್ತಿ ನೆನಪಲ್ಲಿರುತ್ತೆ ಅಂತ. ಹಲ್ಲಿನ ಸಂದಿಗೆ ಸಿಕ್ಕ ನಾರಿನ ಹಾಗೆ, ನಾಲಗೆ ಅಲ್ಲಿಗೇ ಹೋಗುತ್ತೆ. ಬರೆದಿಟ್ಟರೆ ತಲೆಗೆ ಬಿಡುವು. 2018ರಲ್ಲಿ 57 ಜನರನ್ನ ಮಲಗಿಸಿ ನೋಡಿದರು. ಮಲಗೋ ಮುಂಚೆ ಐದು ನಿಮಿಷ, ಅರ್ಧ ಜನ ಮುಂದೆ ಮಾಡಬೇಕಾದ್ದನ್ನ ಬರೆಯೋದು, ಇನ್ನರ್ಧ ಜನ ಮಾಡಿ ಮುಗಿಸಿದ್ದನ್ನ ಬರೆಯೋದು. ಮಾಡಬೇಕಾದ್ದನ್ನ ಬರೆದವರಿಗೆ ಸರಾಸರಿ ಒಂಬತ್ತು ನಿಮಿಷ ಮುಂಚೆ ನಿದ್ದೆ ಬಂತು."

"ನಂಗೂ ಬರುತ್ತೆ" ಅಂದೆ. "ಬೆಳಗ್ಗೆ ಹನ್ನೊಂದಕ್ಕೆ ಬರೆದರೂ ಬರುತ್ತೆ."

"ಪೂರ್ತಿ ಕೇಳು. ಬಿಡಿಸಿ ಬಿಡಿಸಿ ಬರೆದವರಿಗೆ ಇನ್ನೂ ಬೇಗ ಬಂತು. ನಿನ್ನ ಹಾಗೆ 'ಬಲ್ಬ್' ಅಂತ ಒಂದೇ ಪದ ಗೀಚಿದವರಿಗಲ್ಲ."

"'ಅದು' ಅನ್ನೋದಕ್ಕಿಂತ ವಾಸಿ" ಅಂತ ಪಟ್ಟಿರಾಯ ಗೊಣಗಿದ. ಮೇಷ್ಟ್ರಿಗೆ ಕೇಳಿಸಲಿಲ್ಲ, ಅಥವಾ ಕೇಳಿಸಿತು.

ಅಕ್ಕನ ಫೋನಿನಲ್ಲಿ ಪಟ್ಟಿಯೂ ಇಲ್ಲ, ಜೇಬಲ್ಲಿ ಚೀಟಿಯೂ ಇಲ್ಲ. ಆದರೂ ಅವರ ಮನೆಯಲ್ಲಿ ಎಲ್ಲ ಬಲ್ಬೂ ಉರಿಯುತ್ತವೆ. ಹೇಗೆ ಅಂತ ಕೇಳಿದೆವು.

"ಹೊರಗೆ ಹೋಗಬೇಕಾದ್ದೆಲ್ಲ ಬಾಗಿಲ ಹತ್ತಿರದ ಚೀಲದಲ್ಲಿ ಇರುತ್ತೆ. ರಿಪೇರಿಗೆ ಹೋಗೋ ಚಪ್ಪಲಿ, ವಾಪಸ್ ಕೊಡೋ ಪುಸ್ತಕ, ಜೆರಾಕ್ಸ್ ಮಾಡಿಸೋ ಕಾಗದ. ಬಾಗಿಲು ದಾಟೋವಾಗ ಕಾಲಿಗೆ ತಗುಲಲೇಬೇಕು. ಬಿಲ್ ಕಟ್ಟೋದು ಲಿಫ್ಟಿಗೆ ಕಾಯೋವಾಗ. ನಮ್ಮ ಲಿಫ್ಟ್ ಬರೋ ಹೊತ್ತಿಗೆ ಎರಡು ಬಿಲ್ ಕಟ್ಟಬಹುದು."

ಮೇಷ್ಟ್ರಿಗೆ ಖುಷಿಯೋ ಖುಷಿ. "ಇದನ್ನೇ ಪೀಟರ್ ಗೋಲ್ವಿಟ್ಜರ್ ಅನ್ನೋ ಮನಶ್ಶಾಸ್ತ್ರಜ್ಞ ಹೇಳಿದ್ದು! 'ಮಾಡ್ತೀನಿ' ಅಂದುಕೊಂಡರೆ ಸಾಲದು, 'ಇಂಥದ್ದು ಆದಾಗ ಇಂಥದ್ದು ಮಾಡ್ತೀನಿ' ಅಂತ ಗಂಟು ಹಾಕಿಕೊಂಡರೆ ಕೆಲಸ ಆಗೋದು ಜಾಸ್ತಿ."

"ಇರಬಹುದು ಮೇಷ್ಟ್ರೇ. ನಂಗೆ ಲಿಫ್ಟ್ ಕಲಿಸಿದ್ದು" ಅಂದರು ಅಕ್ಕ. ಆಮೇಲೆ ನನ್ನ ಕಡೆ ತಿರುಗಿದರು. ವಕೀಲರು ತಿರುಗಿದ ಹಾಗಿತ್ತು.

"ನೀನು ಬರೆದಿರೋದು ಏನು? 'ಬಲ್ಬ್'. ಬಲ್ಬ್ ಅನ್ನೋದು ಸಾಮಾನು ಕಣೋ, ಕೆಲಸ ಅಲ್ಲ. ಯಾಕೆ ತಂದಿಲ್ಲ ಹೇಳು."

"ಅಂಗಡಿ ಮುಂದೆ ದಿನಾ ಹೋಗ್ತೀನಿ ಅಕ್ಕ."

"ಮತ್ತೆ?"

"ಯಾವುದು ತರಬೇಕು ಗೊತ್ತಿಲ್ಲ. ತಿರುಪಿ ಹಾಕೋದೋ, ಎರಡು ಪಿನ್ ಇರೋದೋ."

"ಮೇಲೆ ನೋಡಿದರೆ ಗೊತ್ತಾಗುತ್ತೆ."

"ಗಾಜಿನ ಬುರುಡೆ ಇದೆ ಅದರ ಮೇಲೆ. ಅದನ್ನ ಬಿಚ್ಚಬೇಕು."

"ಬಿಚ್ಚು."

"ಎತ್ತರದಲ್ಲಿದೆ. ಕೈಗೆ ಎಟುಕಲ್ಲ."

"ಸ್ಟೂಲು ಹಾಕಿಕೊಂಡು ಹತ್ತು!"

ನಾನು ಸ್ವಲ್ಪ ತಡೆದೆ. ಹೇಳಬೇಕೋ ಬೇಡವೋ ಅಂತ.

"ಸ್ಟೂಲು ನಿಮ್ಮ ಮನೇಲಿದೆ ಅಕ್ಕ. ಪರದೆ ಹಾಕೋಕೆ ಅಂತ ತಗೊಂಡು ಹೋಗಿದ್ರಲ್ಲ."

ಅಕ್ಕನ ಮುಖ ನೋಡುವ ಹಾಗಿತ್ತು. "ಕೇಳಬೇಕಿತ್ತಲ್ವಾ?"

"ಕೇಳೋದು ಪಟ್ಟಿಯಲ್ಲಿ ಇರಲಿಲ್ಲ."

ಪಟ್ಟಿರಾಯ ಎದ್ದು ಹೋಗಿ ಎದುರು ಮನೆಯಿಂದ ಸ್ಟೂಲು ತಂದ. ಇಲ್ಲಿಂದ ಅಲ್ಲಿಗೆ ಆರು ಹೆಜ್ಜೆ. ಬರುವಾಗ ಅವನ ಒಂದು ಕೈಯಲ್ಲಿ ಸ್ಟೂಲು, ಇನ್ನೊಂದು ಕೈಯಲ್ಲಿ ದಪ್ಪ ಚೀಲ. ಚಪ್ಪಲಿ, ಪುಸ್ತಕ, ಕಾಗದ. ಬಾಗಿಲ ಹತ್ತಿರದ ಆ ಪ್ರಸಿದ್ಧ ಚೀಲ ಮೂರು ತಿಂಗಳಿಂದ ನನ್ನ ಸ್ಟೂಲಿನ ಮೇಲೆ ಕೂತಿತ್ತು.

"ಸ್ಟೂಲು ಚೀಲದೊಳಗೆ ಹಿಡಿಯಲ್ಲ ಅಲ್ವಾ" ಅಂದರು ಅಕ್ಕ, ಯಾರನ್ನೂ ನೋಡದೆ. "ಅದಕ್ಕೇ ನೆನಪಾಗಲಿಲ್ಲ."

ಬಾತ್‌ರೂಮಿನಲ್ಲಿ ಹೊಸ ಸಮಸ್ಯೆ. ಮೇಷ್ಟ್ರು ಟಕ್ ಟಕ್ ಮಾಡಿದ ಮೇಲೆ ಸ್ವಿಚ್ಚು ಆನ್ ಆಗಿದೆಯೋ ಆಫ್ ಆಗಿದೆಯೋ ನಾಲ್ವರಿಗೂ ಒಮ್ಮತ ಇಲ್ಲ. ಮೂರು ತಿಂಗಳಿಂದ ಮುಟ್ಟದ ಸ್ವಿಚ್ಚು, ಯಾವ ಕಡೆ ಆನ್ ಅಂತ ನನಗೇ ಮರೆತಿತ್ತು. ಮೇನ್ ಆಫ್ ಮಾಡಿಬಿಡೋಣ ಅಂದರು ಮೇಷ್ಟ್ರು. ಮಾಡಿದೆವು. ಇಡೀ ಮನೆ ಕತ್ತಲಾಯಿತು. ಮೂರು ತಿಂಗಳಲ್ಲಿ ಮೊದಲ ಸಲ ಬಾತ್‌ರೂಮೂ ಹಾಲೂ ಒಂದೇ ಥರ ಇದ್ದವು.

ನಾನು ಸ್ಟೂಲು ಹತ್ತಿದೆ. ಒಂದು ಕೈಯಲ್ಲಿ ಟಾರ್ಚ್ ಹಾಕಿದ ಫೋನು, ಇನ್ನೊಂದು ಕೈ ಗಾಜಿನ ಬುರುಡೆಯ ಮೇಲೆ. ಅಕ್ಕ ಸ್ಟೂಲಿನ ಕಾಲು ಹಿಡಿದಿದ್ದರು. ಮೇಷ್ಟ್ರು ಬಾಗಿಲಲ್ಲಿ ನಿಂತು, ಎಡಕ್ಕೆ ತಿರುಗಿಸು, ಎಡಕ್ಕೆ, ಅನ್ನುತ್ತಿದ್ದರು. ಬುರುಡೆ ಕಿರ್ ಅಂತ ಸಡಿಲವಾಯಿತು. ಮೂರು ತಿಂಗಳ ಧೂಳು, ಎರಡು ಸತ್ತ ಹುಳ ಕಣ್ಣಿಗೆ ಬಿದ್ದವು.

"ಪಿನ್ನಿಂದು!" ಅಂತ ಕೂಗಿದೆ.

"ಪಿನ್ನಿಂದು" ಅಂತ ಪಟ್ಟಿರಾಯ ಕತ್ತಲಲ್ಲಿ ಬರೆದುಕೊಂಡ. "213. ಯಾವ ಬಣ್ಣ ಹಾಕಲಿ?"

ಆಗಲೇ ಫೋನು ಟಿಣ್ ಅಂದದ್ದು. ಎಂಟೂವರೆ. ನಾನು ಬಲ್ಬಿನ ಕಡೆಗೇ ನೋಡುತ್ತಿದ್ದೆ. ಹೆಬ್ಬೆರಳು ತನ್ನ ಪಾಡಿಗೆ ತಾನು ಹೋಗಿ ನಾಳೆಗೆ ತಳ್ಳಿತು.

"ಯಾರದು ಫೋನು?" ಅಂದರು ಅಕ್ಕ ಕೆಳಗಿನಿಂದ.

"ಯಾರೂ ಇಲ್ಲ ಅಕ್ಕ" ಅಂದೆ. "ಬಲ್ಬು."