ತುರ್ತು: "ಪ್ರೈಮರಿ ಪಲ್ಮನರಿ ಲಿಂಫೋಮಾ" ಕನ್ನಡದಲ್ಲಿ?

ಎಲ್ಲರಿಗೂ ನಮಸ್ಕಾರ. ರೋಗಿಗಳಿಗೆ ಕೊಡುವ ಒಂದು ಮಾಹಿತಿ ಚೀಟಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು, ತಲೆಬರಹದಲ್ಲೇ ನಿಂತಿದ್ದೇನೆ. ಲಿಂಫೋಮಾ ಅಂದರೆ ಬಿಳಿ ರಕ್ತಕಣಗಳ ಒಂದು ಬಗೆಯ ಕ್ಯಾನ್ಸರ್; ಇದು ಶುರುವಾಗುವುದೇ ಶ್ವಾಸಕೋಶದಲ್ಲಿ. ಬಲು ಅಪರೂಪ, ಶ್ವಾಸಕೋಶದ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ ಒಂದೂ ಇರುವುದಿಲ್ಲ. ಹೆಚ್ಚಿನವು ಮಾಲ್ಟ್ (ಅಂಗಗಳ ಒಳಪೊರೆಯಲ್ಲಿರುವ ಲಿಂಫ್ ಅಂಗಾಂಶದಲ್ಲಿ ಹುಟ್ಟುವ) ಬಗೆಯವು, ನಿಧಾನವಾಗಿ ಬೆಳೆಯುತ್ತವೆ. "ಪ್ರಾಥಮಿಕ ಶ್ವಾಸಕೋಶ ದುಗ್ಧಗ್ರಂಥಿ ಅರ್ಬುದ" ಎಂದು ಬರೆದಿದ್ದೇನೆ. ಸರಿ ಇದೆಯಾ?

—

ಸರಿ ಇಲ್ಲ. ಮೊದಲು "ಪ್ರಾಥಮಿಕ" ತೆಗೆಯಿರಿ. ಕಾಯಿಲೆ ಇನ್ನೂ ಮೊದಲ ಹಂತದಲ್ಲಿದೆ ಅಂತ ಜನ ಓದಿಕೊಳ್ಳುತ್ತಾರೆ. ನೀವು ಹೇಳಬೇಕಾದ್ದು ಎಲ್ಲಿ ಹುಟ್ಟಿತು ಅನ್ನುವುದನ್ನು. "ಮೂಲ"ವೂ ಬೇಡ. ಕಾಯಿಲೆಯ ಪಕ್ಕ ಮೂಲ ಬಂದರೆ ಮೂಲವ್ಯಾಧಿಯೇ ನೆನಪಾಗುವುದು.

ಇನ್ನು ದುಗ್ಧ, ಮೈಯ ನಾಳಗಳಲ್ಲಿ ಹರಿಯುವ ಲಿಂಫ್ ಎಂಬ ರಸಕ್ಕೆ ನಾವಿಟ್ಟ ಹೆಸರು. ಹಾಗಂದರೆ ಹಾಲು. 1622ರಲ್ಲಿ ಇಟಲಿಯ ವೈದ್ಯ ಗಾಸ್ಪಾರೆ ಅಸೆಲ್ಲಿ, ಆಗಷ್ಟೇ ತಿಂದಿದ್ದ ನಾಯಿಯ ಹೊಟ್ಟೆ ಸೀಳಿದಾಗ ಕರುಳಿನ ಸುತ್ತ ಬೆಳ್ಳಗಿನ ನಾಳಗಳನ್ನು ಕಂಡು ಹಾಲಿನ ನಾಳ ಎಂದ. ಆ ಬಿಳುಪು ಊಟದ ಕೊಬ್ಬಿನದು. ಮೈಯ ಉಳಿದ ಕಡೆ ಹರಿಯುವುದು ತಿಳಿಯಾದ ರಸ. 1653ರಲ್ಲಿ ಡೆನ್ಮಾರ್ಕಿನ ವೈದ್ಯ ಬಾರ್ತೊಲಿನ್ ಹಾಲನ್ನು ಬಿಟ್ಟು ಲಿಂಫಾ, ಅಂದರೆ ತಿಳಿನೀರು, ಎಂಬ ಲ್ಯಾಟಿನ್ ಪದ ಹಿಡಿದ. ನಾವು ಇನ್ನೂ ಹಾಲಿನಲ್ಲೇ ಇದ್ದೇವೆ. ಎದೆಯೊಳಗಿನ ಕಾಯಿಲೆಗೆ ಹಾಲಿನ ಹೆಸರಿಟ್ಟರೆ ಸ್ತನದ ಕ್ಯಾನ್ಸರ್ ಅಂದುಕೊಳ್ಳುವುದಿಲ್ಲವಾ? "ತಿಳಿರಸಗಂತಿ" ಅನ್ನಿ.

—

> "ತಿಳಿರಸಗಂತಿ" ಅನ್ನಿ

ಬೇಡ. ಯಾರಿಗೂ ಗೊತ್ತಿಲ್ಲದ ಪದ. ರಸವೂ ಸಂಸ್ಕೃತವೇ ಅಲ್ವಾ? ರಿಪೋರ್ಟಿನಲ್ಲಿ, ಡಾಕ್ಟರ ಬಾಯಲ್ಲಿ, ವಿಮೆಯ ಕಾಗದದಲ್ಲಿ ಇರುವುದು ಲಿಂಫೋಮಾ. ಚೀಟಿಯಲ್ಲಿ ಬೇರೆ ಹೆಸರು ಕಂಡರೆ ತನಗೆ ಎರಡು ಕಾಯಿಲೆ ಇದೆ ಎಂದು ರೋಗಿ ಹೆದರುತ್ತಾನೆ. ಕ್ಯಾನ್ಸರ್, ಟಿಬಿ ನಮ್ಮವಾಗಿ ಎಷ್ಟೋ ಕಾಲವಾಯಿತು.

—

ಹೀಗೇ ಒಂದೊಂದನ್ನೂ ನಮ್ಮದಾಯಿತು ಅನ್ನುತ್ತಾ ಹೋದರೆ ಕನ್ನಡಕ್ಕೆ ಪ್ರತ್ಯಯ ಮಾತ್ರ ಉಳಿಯುತ್ತದೆ. ಶ್ವಾಸಕೋಶವನ್ನು ಶಾಲೆಯ ಪಾಠದಲ್ಲಿಟ್ಟು ಕಲಿಸಿದೆವು, ಈಗ ಎಲ್ಲರಿಗೂ ಬರುತ್ತದೆ. ತಿಳಿರಸವನ್ನೂ ಕಲಿಸಬಹುದು.

—

ನಾಳೆ ಸಂಜೆಯೊಳಗೆ ಕಲಿಸಲಾಗುವುದಿಲ್ಲ. ನಮ್ಮ ಅತ್ತೆಗೆ ಇದೇ ಕಾಯಿಲೆ. ಎಕ್ಸ್‌ರೇಯಲ್ಲಿ ಕಂಡ ಮಚ್ಚೆಯನ್ನು ನ್ಯುಮೋನಿಯಾ ಎಂದುಕೊಂಡು ತಿಂಗಳುಗಟ್ಟಲೆ ಮಾತ್ರೆ ಕೊಟ್ಟರು. ಚೂರು ತೆಗೆದು ಪರೀಕ್ಷೆ ಮಾಡಿದ ಮೇಲೇ ಹೆಸರು ಗೊತ್ತಾಗಿದ್ದು. ಆ ಹೆಸರನ್ನು ಅವರು ಬಾಯಿಪಾಠ ಮಾಡಿಕೊಂಡಿದ್ದಾರೆ, ಅದನ್ನು ಬದಲಿಸಲಾರೆ. ದುಗ್ಧ, ಪ್ರಾಥಮಿಕ ಎರಡನ್ನೂ ತೆಗೆದೆ. "ಶ್ವಾಸಕೋಶದಲ್ಲೇ ಹುಟ್ಟುವ ಲಿಂಫೋಮಾ" ಎಂದು ಕಳಿಸುತ್ತಿದ್ದೇನೆ. ತಿಳಿರಸವನ್ನು ಒಳಗಿನ ವಿವರಣೆಯಲ್ಲಿ ಬಳಸಿಕೊಂಡೆ.