ಗೆಣಸಿನ ಪೈ ನೀರು ನೀರಾಗ್ತಿದೆ, ಮಾಡಿ ಗೊತ್ತಿರುವವರು ಹೇಳ್ತೀರಾ?

ನಾವು ಅಟ್ಲಾಂಟಾಕ್ಕೆ ಬಂದು ಎರಡು ವರ್ಷ ಆಯ್ತು. ಇಲ್ಲಿ ನವೆಂಬರಿನಲ್ಲಿ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಪಕ್ಕದ ಮನೆಯವರು ಗೆಣಸಿನ ಪೈ (ಹಿಟ್ಟಿನ ತಳದಲ್ಲಿ ಹೂರಣ ತುಂಬಿ ಓವನ್‌ನಲ್ಲಿ ಬೇಯಿಸುವ ಸಿಹಿ) ಕೊಟ್ಟಿದ್ದರು, ಆವತ್ತಿಂದ ಮಕ್ಕಳಿಗೆ ಅದೇ ಬೇಕು. ಗೆಣಸನ್ನು ಕುಕ್ಕರಿನಲ್ಲಿ ಮೂರು ವಿಷಲ್ ಕೂಗಿಸಿ, ಹಿಸುಕಿ, ಎರಡು ಸಲ ಮಾಡಿದೆ. ಎರಡು ಸಲವೂ ಹೂರಣ ನೀರಾಯಿತು, ತಳ ಹಸಿಹಸಿ, ಬಾಯಿಗೆ ನಾರು ಬೇರೆ.

ಉತ್ತರ 1
ಕುಕ್ಕರ್ ಬಿಡಿ, ತೊಂದರೆ ಅಲ್ಲೇ ಇದೆ. ನಾನಿರುವುದು ನಾರ್ತ್ ಕ್ಯಾರೊಲಿನಾದಲ್ಲಿ, ಅಮೆರಿಕದಲ್ಲಿ ಅತಿ ಹೆಚ್ಚು ಗೆಣಸು ಬೆಳೆಯುವ ರಾಜ್ಯ. ನನಗೆ ಕಲಿಸಿದವರು ಜೊತೆಯಲ್ಲಿ ಕೆಲಸ ಮಾಡುವ ಆಫ್ರಿಕನ್ ಅಮೆರಿಕನ್ ಹಿರಿಯರೊಬ್ಬರು. ಯುಗಾದಿಗೆ ನಮಗೆ ಹೋಳಿಗೆ ಹೇಗೋ, ಥ್ಯಾಂಕ್ಸ್‌ಗಿವಿಂಗ್‌ಗೆ ಅವರ ಮನೆಯಲ್ಲಿ ಈ ಪೈ ಹಾಗೆ. ಗೆಣಸು ತೊಳೆದು ಒರೆಸಿದ ಮೇಲೆ ಅವರು ಮತ್ತೆ ನೀರು ಸೋಕಿಸುವುದೇ ಇಲ್ಲ. ಸಿಪ್ಪೆ ಸಮೇತ ಅಲ್ಲಲ್ಲಿ ಚುಚ್ಚಿ 400 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಸುಮಾರು ಒಂದು ಗಂಟೆ ಓವನ್‌ನಲ್ಲಿ ಸುಡಬೇಕು. ಸಿಪ್ಪೆ ಸುಕ್ಕಾಗಿ ಸಡಿಲವಾಗುತ್ತೆ, ಚುಚ್ಚಿದ ಕಡೆಯೆಲ್ಲ ಕಂದು ಪಾಕ ಜಿನುಗಿ ತಟ್ಟೆಗೆ ಅಂಟಿ ಕಪ್ಪಾಗುತ್ತೆ, ಆಗ ತೆಗೆಯಿರಿ. ಬಿಸಿ ಇರುವಾಗಲೇ ಸುಲಿದು ಹ್ಯಾಂಡ್ ಮಿಕ್ಸರ್ ಆಡಿಸಿದರೆ ನಾರೆಲ್ಲ ಅದರ ಕಡ್ಡಿಗೆ ಸುತ್ತಿಕೊಂಡು ಬರುತ್ತೆ. ಕಡ್ಡಿ ತೊಳೆದು ಇನ್ನೊಂದು ಸಲ ಆಡಿಸಿ.

9 ಇಂಚಿನ ಒಂದು ಪೈಗೆ 2 ಕಪ್ ಗೆಣಸು, ಅರ್ಧ ಕಪ್ ಬೆಣ್ಣೆ, ಮುಕ್ಕಾಲು ಕಪ್ ಸಕ್ಕರೆ, ಅರ್ಧ ಕಪ್ ಎವಾಪರೇಟೆಡ್ ಮಿಲ್ಕ್ (ಸಕ್ಕರೆ ಹಾಕದೆ ಬತ್ತಿಸಿದ ಡಬ್ಬಿ ಹಾಲು), 2 ಮೊಟ್ಟೆ, ಚಿಟಿಕೆ ಉಪ್ಪು, ಚಕ್ಕೆ ಪುಡಿ, ವೆನಿಲ್ಲಾ. ಜಾಯಿಕಾಯಿ ಮಾತ್ರ ಆಗಲೇ ತುರಿದು ಹಾಕಿ, ಡಬ್ಬಿ ಪುಡಿಗೆ ಆ ಘಮ ಇಲ್ಲ. 350 ಡಿಗ್ರಿಯಲ್ಲಿ 50ರಿಂದ 60 ನಿಮಿಷ. ಅಂಚು ಗಟ್ಟಿಯಾಗಿ ನಡುಭಾಗ ಇನ್ನೂ ಸ್ವಲ್ಪ ನಡುಗುತ್ತಿರುವಾಗಲೇ ತೆಗೆದುಬಿಡಿ, ಆರುತ್ತಾ ಅದೂ ಗಟ್ಟಿಯಾಗುತ್ತೆ. ಜಾಸ್ತಿ ಬೆಂದರೆ ಬಿರುಕು ಬಿಡುತ್ತೆ.

ಉತ್ತರ 2
ತಳದ ಬಗ್ಗೆ ಯಾರೂ ಹೇಳಲಿಲ್ಲ ಅಲ್ವಾ? ಹೂರಣ ತುಂಬುವ ಮೊದಲೇ ಬರೀ ಹಿಟ್ಟಿನ ತಳವನ್ನು ಅರ್ಧ ಬೇಯಿಸಿಕೊಳ್ಳಿ. ಮೇಲೆ ಬೇಕಿಂಗ್ ಪೇಪರ್ ಹಾಸಿ ಒಣ ಕಡಲೆಕಾಳು ಸುರಿದು 15 ನಿಮಿಷ, ಆಮೇಲೆ ಕಾಳು ತೆಗೆದು ಇನ್ನೊಂದು 5 ನಿಮಿಷ. ಕಾಳಿನ ಭಾರ ಇಲ್ಲದಿದ್ದರೆ ಹಿಟ್ಟು ಉಬ್ಬಿಕೊಳ್ಳುತ್ತೆ. ಪೈಯನ್ನು ಓವನ್‌ನ ಕೆಳಗಿನ ಹಂತದಲ್ಲೇ ಇಡಿ.

ಉತ್ತರ 3
ನಾನು ಬೆಂಗಳೂರಿನಲ್ಲಿ ಸಣ್ಣ ಓಟಿಜಿಯಲ್ಲಿ (ಮೇಜಿನ ಮೇಲಿಡುವ ಕರೆಂಟ್ ಓವನ್) ಮಾಡ್ತೀನಿ. ಇಲ್ಲಿ ಸಂಕ್ರಾಂತಿ ಹೊತ್ತಿಗೆ ಬರುವ ಕೆಂಪು ಸಿಪ್ಪೆಯ ಗೆಣಸು ಒಳಗೆ ಬಿಳಿ, ಹಿಟ್ಟು ಹಿಟ್ಟಾಗಿರುತ್ತೆ. ಅದಕ್ಕೆ ಎರಡು ಮೂರು ಚಮಚ ಹಾಲು ಜಾಸ್ತಿ ಬೇಕು. ಆ ಕಿತ್ತಳೆ ಬಣ್ಣ ಬರಲ್ಲ, ರುಚಿ ನಮ್ಮ ಗೆಣಸಿನ ಹೋಳಿಗೆಯ ಹೂರಣಕ್ಕೆ ಹತ್ತಿರ. ಎವಾಪರೇಟೆಡ್ ಮಿಲ್ಕ್ ಸಿಗದಿದ್ದರೆ ಒಂದೂಕಾಲು ಕಪ್ ಗಟ್ಟಿ ಹಾಲನ್ನು ಸಣ್ಣ ಉರಿಯಲ್ಲಿ ಅರ್ಧ ಕಪ್ ಆಗುವವರೆಗೆ ಕಾಯಿಸಿ. ಅದರ ಬದಲು ಮಿಲ್ಕ್‌ಮೇಡ್ ಹಾಕಿದರೆ ಸಿಹಿ ಮುಖಕ್ಕೆ ಹೊಡೆಯುತ್ತೆ.

ಉತ್ತರ 4
ಒಂದು ಹಳೇ ವಿಧಾನವೂ ಇದೆ. ಗುಲಾಮಗಿರಿಯಲ್ಲಿ ಹುಟ್ಟಿದ ಅಬಿ ಫಿಶರ್ ಎಂಬಾಕೆ, ಓದು ಬರಹ ಬಾರದಿದ್ದರೂ ಬಾಯಲ್ಲೇ ಹೇಳಿ ಬರೆಸಿ, 1881ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಡುಗೆ ಪುಸ್ತಕ ತಂದರು. ಅದರಲ್ಲಿ ಎರಡು ಪೈಗೆ ಒಂದು ಕಿತ್ತಳೆಯ ರಸ, ಅರ್ಧ ಸಿಪ್ಪೆಯ ತುರಿ ಹಾಕಿದ್ದಾರೆ. ಗೆಣಸು ಮಾತ್ರ ಬೇಯಿಸಿದ್ದೇ, ಸುಟ್ಟಿದ್ದಲ್ಲ. ನಾನು ಸುಟ್ಟ ಗೆಣಸಿಗೇ ಆ ಕಿತ್ತಳೆ ತುರಿ ಸೇರಿಸಿದೆ. ಈಗ ಅದಿಲ್ಲದೆ ಮಾಡುವುದೇ ಇಲ್ಲ.